ಕ್ಲಾಡ್ ಶ್ಯಾನನ್: ಆಟವಾಡುತ್ತಲೇ ಮಾಹಿತಿಯನ್ನು ಅಳೆದ ವಿಜ್ಞಾನಿ

ಮೇಜಿನ ಮೇಲೆ ಒಂದು ಪುಟ್ಟ ಪೆಟ್ಟಿಗೆ. ಅದರ ಮೇಲೆ ಒಂದೇ ಒಂದು ಸ್ವಿಚ್. ಸ್ವಿಚ್ ಹಾಕಿದರೆ ಒಳಗೆ ಗುಂಯ್ ಎಂಬ ಸದ್ದಾಗಿ ಮುಚ್ಚಳ ನಿಧಾನವಾಗಿ ಮೇಲೇಳುತ್ತದೆ. ಒಳಗಿನಿಂದ ಒಂದು ಕೈ ಹೊರಬಂದು ಅದೇ ಸ್ವಿಚ್ಚನ್ನು ಆರಿಸುತ್ತದೆ, ಮತ್ತೆ ಒಳಗೆ ಹೋಗುತ್ತದೆ. ಮುಚ್ಚಳ ಮುಚ್ಚಿಕೊಳ್ಳುತ್ತದೆ. ಅಷ್ಟೇ! ತನ್ನನ್ನು ತಾನು ಆಫ್ ಮಾಡಿಕೊಳ್ಳುವುದನ್ನು ಬಿಟ್ಟರೆ ಆ ಯಂತ್ರಕ್ಕೆ ಬೇರೆ ಕೆಲಸವೇ ಇಲ್ಲ.

1950ರ ದಶಕದ ಆರಂಭದಲ್ಲಿ ಈ ಪೆಟ್ಟಿಗೆಯನ್ನು ಕಟ್ಟಿ ತಮ್ಮ ಮೇಜಿನ ಮೇಲೆ ಇಟ್ಟುಕೊಂಡಿದ್ದವರು ಅಮೆರಿಕದ ಕ್ಲಾಡ್ ಶ್ಯಾನನ್. ನಾವಿಂದು ವಾಟ್ಸ್ಆ್ಯಪ್‌ನಲ್ಲಿ ಫೋಟೋ ಕಳಿಸುವುದು, ಅಂಗಡಿಯಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುವುದು, ಮೊಬೈಲಿನಲ್ಲಿ ಸಿನಿಮಾ ನೋಡುವುದು ಇವೆಲ್ಲದರ ತಳಹದಿಯಲ್ಲಿರುವ ಗಣಿತವನ್ನು ಕೊಟ್ಟವರೂ ಇವರೇ.

ದೊಡ್ಡ ವಿಜ್ಞಾನಿ ಎಂದರೆ ಸದಾ ಗಂಭೀರ ಚಿಂತನೆಯಲ್ಲಿ ಮುಳುಗಿರುವವರು, ಆಟವೇನಿದ್ದರೂ ಕೆಲಸ ಮುಗಿದ ಮೇಲೆ ಎಂಬ ನಂಬಿಕೆ ನಮ್ಮಲ್ಲಿ ಬಹಳ ಆಳವಾಗಿದೆ. ಮಕ್ಕಳು ಹಳೆಯ ರೇಡಿಯೊ ಬಿಚ್ಚಿ ಕೂತರೆ, ಇದರಿಂದ ಏನುಪಯೋಗ ಎಂದು ಗದರುತ್ತೇವೆ. ಶ್ಯಾನನ್ ಬದುಕನ್ನು ಒಮ್ಮೆ ನೋಡಿದರೆ ಆ ಪ್ರಶ್ನೆಯನ್ನು ಇಷ್ಟು ಬೇಗ ಕೇಳಬಾರದು ಅನ್ನಿಸುತ್ತದೆ.

ಬೇಲಿಯ ಮೇಲೆ ಟೆಲಿಗ್ರಾಫ್

ಶ್ಯಾನನ್ ಹುಟ್ಟಿದ್ದು 1916ರ ಏಪ್ರಿಲ್ 30ರಂದು, ಮಿಷಿಗನ್ ರಾಜ್ಯದಲ್ಲಿ. ಬೆಳೆದದ್ದು ಅಲ್ಲಿನ ಗೇಲಾರ್ಡ್ ಎಂಬ ಸಣ್ಣ ಊರಿನಲ್ಲಿ. ತಾಯಿ ಶಾಲೆಯ ಮುಖ್ಯೋಪಾಧ್ಯಾಯಿನಿ, ತಂದೆ ವ್ಯಾಪಾರಿ, ಸ್ಥಳೀಯ ನ್ಯಾಯಾಧೀಶರೂ ಆಗಿದ್ದರು.

ಹುಡುಗನಿಗೆ ಮೊದಲಿನಿಂದಲೂ ಬಿಚ್ಚುವ, ಜೋಡಿಸುವ ಹುಚ್ಚು. ಅರ್ಧ ಮೈಲಿ ದೂರದಲ್ಲಿದ್ದ ಗೆಳೆಯನ ಮನೆಗೆ ಸಂದೇಶ ಕಳಿಸಬೇಕೆನಿಸಿತು. ಅಷ್ಟುದ್ದ ತಂತಿ ಎಲ್ಲಿಂದ ತರುವುದು? ಹೊಲಗಳ ನಡುವೆ ಹಾದುಹೋಗಿದ್ದ ಮುಳ್ಳುತಂತಿ ಬೇಲಿ ಕಣ್ಣಿಗೆ ಬಿತ್ತು. ಅದನ್ನೇ ಟೆಲಿಗ್ರಾಫ್ ತಂತಿ ಮಾಡಿಕೊಂಡ. ಇರುವ ತಂತಿಯಲ್ಲೇ ಸಂದೇಶ ದಾಟಿಸುವುದು ಹೇಗೆ ಎಂಬ ಈ ಹುಡುಗಾಟದ ಪ್ರಶ್ನೆಯೇ ಮುಂದೆ ಅವರ ಜೀವನದ ಪ್ರಶ್ನೆಯೂ ಆಯಿತು.

1936ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಿಂದ ಎರಡು ಪದವಿ ಪಡೆದರು. ಒಂದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್, ಇನ್ನೊಂದು ಗಣಿತ. ಮುಂದೇನು ಎಂದು ಯೋಚಿಸುತ್ತಿದ್ದಾಗ ನೋಟಿಸ್ ಬೋರ್ಡಿನಲ್ಲಿ ಒಂದು ಪ್ರಕಟಣೆ ಕಂಡಿತು. ಎಂಐಟಿಯಲ್ಲಿ ವನಿವರ್ ಬುಷ್ ಕಟ್ಟಿದ್ದ ಬೃಹತ್ ಲೆಕ್ಕದ ಯಂತ್ರವನ್ನು ನೋಡಿಕೊಳ್ಳಲು ಸಹಾಯಕರು ಬೇಕಾಗಿದ್ದರು. ಅರ್ಜಿ ಹಾಕಿದರು, ಕೆಲಸ ಸಿಕ್ಕಿತು.

ಹೌದು-ಅಲ್ಲಗಳ ತರ್ಕ, ಸ್ವಿಚ್ಚಿನ ಒಳಗೆ

ಆ ಯಂತ್ರದ ತುಂಬ ಹಲ್ಲುಚಕ್ರ, ದಂಡ, ತಿರುಗುವ ತಟ್ಟೆಗಳು. ಅವುಗಳನ್ನು ನಿಯಂತ್ರಿಸಲು ಬೇರೆಯದೇ ಒಂದು ವಿದ್ಯುತ್ ಮಂಡಲ, ಅದರಲ್ಲಿ ನೂರರಷ್ಟು ರಿಲೇಗಳು. ರಿಲೇ ಎಂದರೆ ಮನುಷ್ಯರ ಕೈ ಬೇಕಿಲ್ಲದೆ ವಿದ್ಯುತ್ತಿನಿಂದಲೇ ತೆರೆದು ಮುಚ್ಚುವ ಸ್ವಿಚ್. ಆಗಿನ ಟೆಲಿಫೋನ್ ಎಕ್ಸ್‌ಚೇಂಜುಗಳೂ ಇಂಥ ರಿಲೇಗಳಿಂದಲೇ ನಡೆಯುತ್ತಿದ್ದವು. ಯಾವ ರಿಲೇಯನ್ನು ಎಲ್ಲಿ ಜೋಡಿಸಬೇಕು ಎಂಬುದು ಮಾತ್ರ ಅನುಭವಸ್ಥರ ಅಂದಾಜಿಗೆ ಬಿಟ್ಟ ವಿಷಯವಾಗಿತ್ತು.

ಶ್ಯಾನನ್‌ಗೆ ಮಿಷಿಗನ್‌ನಲ್ಲಿ ಓದಿದ್ದ ಒಂದು ಹಳೆಯ ಪಾಠ ನೆನಪಿತ್ತು. 19ನೇ ಶತಮಾನದ ಗಣಿತಜ್ಞ ಜಾರ್ಜ್ ಬೂಲ್ ತರ್ಕವನ್ನು ಬೀಜಗಣಿತದ ರೂಪದಲ್ಲಿ ಬರೆದಿದ್ದರು. ನಿಜಕ್ಕೆ 1, ಸುಳ್ಳಿಗೆ 0. ತತ್ತ್ವಶಾಸ್ತ್ರದ ತರಗತಿಯಲ್ಲಿ ಮೂಲೆಗೆ ಬಿದ್ದಿದ್ದ ಈ ಗಣಿತಕ್ಕೂ ರಿಲೇಗೂ ಸಂಬಂಧವಿದೆ ಎಂದು ಅವರಿಗೆ ಹೊಳೆಯಿತು.

ನಮ್ಮ ಮನೆಯನ್ನೇ ನೋಡಿ. ಮೇನ್ ಸ್ವಿಚ್ಚೂ ಆನ್ ಇರಬೇಕು, ಕೋಣೆಯ ಸ್ವಿಚ್ಚೂ ಆನ್ ಇರಬೇಕು, ಆಗ ಮಾತ್ರ ಬಲ್ಬು ಉರಿಯುತ್ತದೆ. ಇದು ತರ್ಕದ 'ಮತ್ತು'. ಮುಂಬಾಗಿಲು, ಹಿತ್ತಿಲ ಬಾಗಿಲು ಎರಡಕ್ಕೂ ಒಂದೇ ಕರೆಗಂಟೆ ಇದೆ ಎಂದುಕೊಳ್ಳಿ. ಯಾವ ಗುಂಡಿ ಒತ್ತಿದರೂ ಗಂಟೆ ಬಾರಿಸುತ್ತದೆ. ಇದು ತರ್ಕದ 'ಅಥವಾ'. ಹಾಗಾದರೆ ತರ್ಕದಲ್ಲಿ ಹೇಳಬಹುದಾದದ್ದನ್ನೆಲ್ಲ ಸ್ವಿಚ್ಚುಗಳಲ್ಲಿ ಕಟ್ಟಬಹುದು, ಸ್ವಿಚ್ಚುಗಳ ಜಟಿಲ ಜಾಲವನ್ನು ಕಾಗದದ ಮೇಲಿನ ಲೆಕ್ಕದಿಂದಲೇ ಸರಳ ಮಾಡಬಹುದು! 1937ರಲ್ಲಿ ಇದನ್ನು ತಮ್ಮ ಸ್ನಾತಕೋತ್ತರ ಪ್ರಬಂಧವಾಗಿ ಬರೆದಾಗ ಶ್ಯಾನನ್ ವಯಸ್ಸು 21. ಇಂದಿನ ಕಂಪ್ಯೂಟರ್ ಚಿಪ್‌ಗಳ ವಿನ್ಯಾಸ ನಿಂತಿರುವುದು ಈ ತತ್ತ್ವದ ಮೇಲೆ. ರಿಲೇಯ ಜಾಗಕ್ಕೆ ಟ್ರಾನ್ಸಿಸ್ಟರ್ ಬಂದಿದೆ, ಅಷ್ಟೆ.

ಈ ಕೆಲಸಕ್ಕೆ ಅವರಿಗೆ ಆಲ್‌ಫ್ರೆಡ್ ನೋಬಲ್ ಪ್ರಶಸ್ತಿ ಬಂತು. ಹೆಸರು ಕೇಳಿದರೆ ಗೊಂದಲವಾಗುವುದು ಸಹಜ. ಇದು ಡೈನಮೈಟ್ ಕಂಡುಹಿಡಿದ ನೊಬೆಲ್ ಅವರ ಹೆಸರಿನದಲ್ಲ, ಅಮೆರಿಕದ ಒಬ್ಬ ಸಿವಿಲ್ ಎಂಜಿನಿಯರ್ ನೆನಪಿನ ಪ್ರಶಸ್ತಿ. ಶ್ಯಾನನ್‌ಗೆ ನೊಬೆಲ್ ಬಹುಮಾನ ಬಂದಿರಲಿಲ್ಲ. ಅವರು ದುಡಿದ ಗಣಿತಕ್ಕಾಗಲಿ ಎಂಜಿನಿಯರಿಂಗಿಗಾಗಲಿ ಆ ಬಹುಮಾನವೇ ಇಲ್ಲ.

ಯುದ್ಧ, ಗುಟ್ಟು ಮತ್ತು 'ಬಿಟ್'

1941ರಲ್ಲಿ ಶ್ಯಾನನ್ ಬೆಲ್ ಟೆಲಿಫೋನ್ ಪ್ರಯೋಗಾಲಯ ಸೇರಿದರು. ಎರಡನೇ ಮಹಾಯುದ್ಧದ ಕಾಲ. ಗುಪ್ತಲಿಪಿಗಳ ಅಧ್ಯಯನ ಅವರ ಪಾಲಿಗೆ ಬಂತು. 1943ರಲ್ಲಿ ಬ್ರಿಟನ್ನಿನ ಅಲನ್ ಟ್ಯೂರಿಂಗ್ ಅಲ್ಲಿಗೆ ಬಂದಾಗ ಇಬ್ಬರೂ ಚಹಾದ ಹೊತ್ತಿಗೆ ಸೇರುತ್ತಿದ್ದರು. ಇಬ್ಬರದೂ ಗುಪ್ತಲಿಪಿಯ ಕೆಲಸವೇ, ಆದರೆ ಒಬ್ಬರಿಗೊಬ್ಬರು ಬಾಯಿಬಿಡುವಂತಿರಲಿಲ್ಲ. ಹಾಗಾಗಿ ಯಂತ್ರ ಯೋಚಿಸಬಲ್ಲದೇ ಎಂಬ ಬಗ್ಗೆ ಹರಟುತ್ತಿದ್ದರು.

ಈ ವರ್ಷಗಳಲ್ಲಿ ಬಿಡುವು ಸಿಕ್ಕಾಗಲೆಲ್ಲ ಬೆಳೆಸಿದ ಯೋಚನೆ 1948ರಲ್ಲಿ ಬೆಲ್ ಸಂಸ್ಥೆಯ ಪತ್ರಿಕೆಯಲ್ಲಿ ಎರಡು ಕಂತುಗಳಲ್ಲಿ ಪ್ರಕಟವಾಯಿತು. ಮಾಹಿತಿ ಸಿದ್ಧಾಂತ ಹುಟ್ಟಿದ್ದು ಆಗಲೇ.

ಅಕ್ಕಿಯನ್ನು ಕಿಲೋದಲ್ಲಿ ಅಳೆಯುತ್ತೇವೆ, ಹಾಲನ್ನು ಲೀಟರಿನಲ್ಲಿ. ಮಾಹಿತಿಯನ್ನು ಅಳೆಯುವುದು ಹೇಗೆ? ಹ್ಯಾರಿ ನೈಕ್ವಿಸ್ಟ್, ರಾಲ್ಫ್ ಹಾರ್ಟ್‌ಲಿ ಎಂಬ ಬೆಲ್ ಸಂಸ್ಥೆಯವರೇ ಮೊದಲು ದಾರಿ ತೋರಿಸಿದ್ದರು. ಶ್ಯಾನನ್ ಅದನ್ನು ಪೂರ್ಣಗೊಳಿಸಿದರು. ಮಾಹಿತಿ ಎಂದರೆ ಅಚ್ಚರಿಯ ಅಳತೆ ಎಂಬುದು ಅವರ ಲೆಕ್ಕದ ಸಾರ. ಜುಲೈ ತಿಂಗಳಲ್ಲಿ ಆಗುಂಬೆಯಿಂದ ಯಾರಾದರೂ ಫೋನ್ ಮಾಡಿ ಇಲ್ಲಿ ಮಳೆ ಬರುತ್ತಿದೆ ಎಂದರೆ ನಮಗೆ ಹೊಸದೇನೂ ತಿಳಿದಂತಾಗಲಿಲ್ಲ. ಜನವರಿಯಲ್ಲಿ ಅದೇ ಮಾತು ಹೇಳಿದರೆ ಅದು ಸುದ್ದಿ. ಮಾತು ಒಂದೇ, ಮಾಹಿತಿಯ ಪ್ರಮಾಣ ಬೇರೆ. ಸಮಾನ ಸಾಧ್ಯತೆಯ ಎರಡು ಉತ್ತರಗಳಲ್ಲಿ ಯಾವುದು ಎಂದು ತಿಳಿಸುವ ಮಾಹಿತಿ, ಉದಾಹರಣೆಗೆ ನಾಣ್ಯ ಚಿಮ್ಮಿದಾಗ ಬಿದ್ದದ್ದು ರಾಜನೋ ರಾಣಿಯೋ ಎಂಬುದು, ಒಂದು 'ಬಿಟ್'. ಈ ಪದವನ್ನು ಶ್ಯಾನನ್ ಹುಟ್ಟಿಸಿದರು ಎಂದು ಹಲವರು ಬರೆಯುತ್ತಾರೆ. ಅದನ್ನು ಸೂಚಿಸಿದವರು ಜಾನ್ ಟ್ಯೂಕಿ. ಶ್ಯಾನನ್ ಆ ಪ್ರಬಂಧದಲ್ಲೇ ಅವರ ಹೆಸರು ಹೇಳಿದ್ದಾರೆ.

ಎರಡನೆಯ ಮಾತು ಇನ್ನೂ ಮುಖ್ಯ. ಫೋನಿನಲ್ಲಿ ಗದ್ದಲವಿದ್ದರೆ ನಾವೇನು ಮಾಡುತ್ತೇವೆ? ಕೂಗುತ್ತೇವೆ, ಇಲ್ಲವೇ ಎರಡೆರಡು ಸಲ ಹೇಳುತ್ತೇವೆ. ತಪ್ಪು ಕಡಿಮೆ ಆಗಬೇಕಾದರೆ ಹೀಗೆ ಶಕ್ತಿ ಹೆಚ್ಚಿಸಬೇಕು, ಇಲ್ಲವೇ ವೇಗ ಕಳೆದುಕೊಳ್ಳಬೇಕು ಎಂದೇ ಎಂಜಿನಿಯರುಗಳೂ ನಂಬಿದ್ದರು. ಪ್ರತಿಯೊಂದು ಸಂಪರ್ಕ ಮಾರ್ಗಕ್ಕೂ ಒಂದು ಗರಿಷ್ಠ ಮಿತಿ ಇದೆ, ಆ ಮಿತಿಯೊಳಗೆ ಇದ್ದರೆ ಜಾಣತನದ ಸಂಕೇತ ಬಳಸಿ ತಪ್ಪನ್ನು ಎಷ್ಟು ಬೇಕೋ ಅಷ್ಟು ಕಡಿಮೆ ಮಾಡಬಹುದು ಎಂದು ಶ್ಯಾನನ್ ಗಣಿತದಿಂದ ಸಾಧಿಸಿದರು. ಅಂಥ ಸಂಕೇತ ಇರಲೇಬೇಕು ಎಂದು ತೋರಿಸಿದರೇ ಹೊರತು ಅದು ಯಾವುದು ಎಂದು ಹೇಳಲಿಲ್ಲ. ಆ ಮಿತಿಯ ತೀರಾ ಹತ್ತಿರ ಹೋಗುವ 'ಟರ್ಬೊ ಕೋಡ್' ಬೆಳಕಿಗೆ ಬಂದದ್ದು 1993ರಲ್ಲಿ, 45 ವರ್ಷಗಳ ನಂತರ! ಅಂಗಡಿಯ ಕ್ಯೂಆರ್ ಕೋಡಿನ ಸ್ವಲ್ಪ ಭಾಗ ಅಳಿಸಿದ್ದರೂ ಹಣ ಸರಿಯಾದವರಿಗೇ ಹೋಗುತ್ತದಲ್ಲ, ಅಲ್ಲಿ ಕೆಲಸ ಮಾಡುವುದೂ ತಪ್ಪು ತಿದ್ದುವ ಇಂಥ ಸಂಕೇತಗಳೇ.

ಹೆಂಡತಿಯೊಂದಿಗೆ ಊಹೆಯಾಟ

ಮೊದಲ ಮದುವೆ ಬಹಳ ಕಾಲ ಉಳಿಯಲಿಲ್ಲ. 1949ರಲ್ಲಿ ಬೆಲ್ ಪ್ರಯೋಗಾಲಯದಲ್ಲೇ ಲೆಕ್ಕಾಚಾರದ ಕೆಲಸದಲ್ಲಿದ್ದ ಬೆಟ್ಟಿ ಮೂರ್ ಅವರನ್ನು ಶ್ಯಾನನ್ ಮದುವೆಯಾದರು. ಒಬ್ಬಂಟಿ ಪ್ರತಿಭೆ ಎಂದು ಶ್ಯಾನನ್‌ರನ್ನು ಚಿತ್ರಿಸುವವರು ಬೆಟ್ಟಿಯವರನ್ನು ಮರೆಯುತ್ತಾರೆ. ಅವರ ಎಷ್ಟೋ ಬರಹಗಳನ್ನು ಕೇಳಿ ಬರೆದುಕೊಂಡವರು, ಯಂತ್ರಗಳಿಗೆ ತಂತಿ ಜೋಡಿಸಿದವರು ಬೆಟ್ಟಿ. ಗಂಡನ ಸ್ವಭಾವ ಅರಿತು ದೊಡ್ಡದೊಂದು ಮೆಕ್ಯಾನೋ ಮಾದರಿಯ ಆಟಿಕೆ ಪೆಟ್ಟಿಗೆಯನ್ನೂ ಒಂಟಿ ಚಕ್ರದ ಸೈಕಲ್ಲನ್ನೂ ಉಡುಗೊರೆಯಾಗಿ ಕೊಟ್ಟವರೂ ಅವರೇ. ಆ ಸೈಕಲ್ ಏರಿ ಶ್ಯಾನನ್ ಬೆಲ್ ಪ್ರಯೋಗಾಲಯದ ಕಾರಿಡಾರಿನಲ್ಲಿ ಓಡಾಡುತ್ತಿದ್ದರು.

ಭಾಷೆಯಲ್ಲಿ ಎಷ್ಟು ಭಾಗ ಊಹಿಸಿಬಿಡಬಹುದಾದದ್ದು ಎಂದು ತಿಳಿಯಲು ಅವರು ಆಡಿದ್ದೂ ಮನೆಯಾಟವನ್ನೇ. ಒಂದು ಪತ್ತೇದಾರಿ ಪುಸ್ತಕ ತೆರೆದು, ಮುಂದಿನ ಅಕ್ಷರ ಯಾವುದು ಎಂದು ಬೆಟ್ಟಿಯವರನ್ನು ಕೇಳುವುದು. ನೀವೂ ಆಡಿ ನೋಡಬಹುದು. 'ಕರ್ನಾಟ' ಎಂದು ಬರೆದು ನಿಲ್ಲಿಸಿದರೆ ಮುಂದಿನ ಅಕ್ಷರ ಎಲ್ಲರಿಗೂ ಗೊತ್ತು. ಗೊತ್ತಿರುವುದರಿಂದಲೇ ಆ ಅಕ್ಷರದಲ್ಲಿ ಹೆಚ್ಚು ಮಾಹಿತಿ ಇಲ್ಲ. 'ಬಂಗಳರಗ ಹಗವ ಬಸ' ಎಂದು ಗುಣಿತ ಬಿಟ್ಟು ಬರೆದರೂ ಬೋರ್ಡು ಯಾವ ಬಸ್ಸಿನದೆಂದು ತಿಳಿಯುತ್ತದೆ. ಇಂಗ್ಲಿಷಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಹೀಗೆ ಊಹೆಗೆ ಸಿಗುವಂಥದ್ದು ಎಂದು ಶ್ಯಾನನ್ 1951ರಲ್ಲಿ ಪ್ರಕಟಿಸಿದರು. ಕಡತವನ್ನು 'ಜಿಪ್' ಮಾಡಿದಾಗ ಗಾತ್ರ ಇಳಿಯುವುದೂ, ಮೊಬೈಲಿನ ಕೀಲಿಮಣೆ ಮುಂದಿನ ಪದ ಸೂಚಿಸುವುದೂ ಇದೇ ಗುಣದಿಂದ.

ಇಲಿ ಜಾಣವೋ, ನೆಲ ಜಾಣವೋ?

1950ರಲ್ಲಿ ಶ್ಯಾನನ್ ಒಂದು ಮರದ ಇಲಿ ಮಾಡಿದರು. ಹೆಸರು ಥೀಸಿಯಸ್. 25 ಮನೆಗಳ ಚಕ್ರವ್ಯೂಹದಲ್ಲಿ ಬಿಟ್ಟರೆ ಅದು ಗೋಡೆಗೆ ಮೂಗು ತಗುಲಿಸಿ, ಹಿಂದೆ ಸರಿದು, ಬೇರೆ ದಿಕ್ಕು ಹಿಡಿದು ಕೊನೆಗೂ ಗುರಿ ಮುಟ್ಟುತ್ತಿತ್ತು. ಎರಡನೆಯ ಸಲ ಬಿಟ್ಟರೆ ಎಲ್ಲೂ ತಪ್ಪದೆ ನೇರ ಹೋಗುತ್ತಿತ್ತು. ಗೋಡೆಗಳನ್ನು ಬದಲಿಸಿದರೆ ಹಳೆಯ ದಾರಿ ಮರೆತು ಹೊಸದನ್ನು ಕಲಿಯುತ್ತಿತ್ತು.

ಯೋಚಿಸುವ ಇಲಿ ಎಂದು ಜನ ಬೆರಗಾದರು. ಆದರೆ ಇಲಿಯೊಳಗೆ ಇದ್ದದ್ದು ಅಯಸ್ಕಾಂತ ಮಾತ್ರ. ಹಲಗೆಯ ಕೆಳಗೆ ಇನ್ನೊಂದು ಅಯಸ್ಕಾಂತ ಮೋಟಾರಿನ ಸಹಾಯದಿಂದ ಓಡಾಡುತ್ತ ಅದನ್ನು ಎಳೆಯುತ್ತಿತ್ತು. ಯಾವ ಮನೆಯಿಂದ ಕೊನೆಯ ಸಲ ಯಾವ ದಿಕ್ಕಿಗೆ ಹೊರಬಿದ್ದೆ ಎಂಬ ನೆನಪು ಅಲ್ಲಿದ್ದ ಸುಮಾರು 75 ರಿಲೇಗಳಲ್ಲಿ ದಾಖಲಾಗುತ್ತಿತ್ತು. ಜಾಣತನ ಇದ್ದದ್ದು ಇಲಿಯಲ್ಲಿ ಅಲ್ಲ, ನೆಲದಡಿಯಲ್ಲಿ! ರಿಲೇಗಳಿಂದ ತುಂಬಿದ್ದ ಟೆಲಿಫೋನ್ ಎಕ್ಸ್‌ಚೇಂಜೂ ಕರೆಗೆ ದಾರಿ ಹುಡುಕುವ ಯಂತ್ರವೇ ಆದ್ದರಿಂದ ಈ ಆಟಿಕೆ ಬೆಲ್ ಸಂಸ್ಥೆಗೆ ಅಷ್ಟೇನೂ ದೂರದ್ದಾಗಿರಲಿಲ್ಲ. ಯಂತ್ರ ಕಲಿಯಬಲ್ಲದು ಎಂದು ಕಣ್ಣಿಗೆ ಕಾಣುವಂತೆ ತೋರಿಸಿದ ಮೊದಮೊದಲ ಪ್ರಯೋಗಗಳಲ್ಲಿ ಇದೂ ಒಂದು.

ಇನ್ನೊಂದು ಆಟಿಕೆ ಮನಸ್ಸು ಓದುವ ಯಂತ್ರ. ನೀವು ಎಡ ಅಥವಾ ಬಲ ಎರಡರಲ್ಲಿ ಒಂದನ್ನು ಆರಿಸಬೇಕು, ನಿಮ್ಮ ಆಯ್ಕೆಯನ್ನು ಯಂತ್ರ ಮೊದಲೇ ಊಹಿಸಬೇಕು. ಇದನ್ನು ಮೊದಲು ಕಟ್ಟಿದವರು ಸಹೋದ್ಯೋಗಿ ಡೇವಿಡ್ ಹೇಗಲ್‌ಬಾರ್ಗರ್. ಶ್ಯಾನನ್ ಅದಕ್ಕಿಂತ ಸಣ್ಣದೊಂದನ್ನು ಮಾಡಿದರು. ಗೆದ್ದ ಮೇಲೆ ಈ ಮನುಷ್ಯ ಅದೇ ಬದಿಗೆ ಅಂಟಿಕೊಳ್ಳುತ್ತಾನೋ ಬದಲಿಸುತ್ತಾನೋ, ಸೋತ ಮೇಲೆ ಏನು ಮಾಡುತ್ತಾನೆ ಎಂಬುದನ್ನಷ್ಟೇ ಅದು ನೆನಪಿಡುತ್ತಿತ್ತು. ಅಷ್ಟರಿಂದಲೇ ಅರ್ಧಕ್ಕಿಂತ ಹೆಚ್ಚು ಸಲ ಗೆಲ್ಲುತ್ತಿತ್ತು. ಇದರಲ್ಲಿ ಮಾಯವೇನೂ ಇಲ್ಲ. ಮನಸ್ಸಿಗೆ ತೋಚಿದಂತೆ ಆರಿಸುತ್ತಿದ್ದೇವೆ ಎಂದು ನಾವು ಅಂದುಕೊಂಡಾಗಲೂ ನಮಗರಿವಿಲ್ಲದೆ ಒಂದು ಜಾಡು ಹಿಡಿದಿರುತ್ತೇವೆ. ಕೊನೆಗೆ ಎರಡೂ ಯಂತ್ರಗಳನ್ನು ಎದುರುಬದುರು ನಿಲ್ಲಿಸಿ, ತೀರ್ಪು ಕೊಡಲು ಮೂರನೆಯ ಯಂತ್ರವನ್ನೂ ಕಟ್ಟಿದರು. ಗೆದ್ದದ್ದು ಶ್ಯಾನನ್ ಅವರ ಪುಟ್ಟ ಯಂತ್ರ.

ಪ್ರಯೋಜನವಿಲ್ಲದ ಆಟಗಳು

1956ರಲ್ಲಿ ಶ್ಯಾನನ್ ಎಂಐಟಿಗೆ ಮರಳಿದರು. ಅಷ್ಟು ಹೊತ್ತಿಗೆ ಮಾಹಿತಿ ಸಿದ್ಧಾಂತ ಫ್ಯಾಷನ್ ಆಗಿತ್ತು. ಮನಃಶಾಸ್ತ್ರ, ಜೀವಶಾಸ್ತ್ರ, ಅರ್ಥಶಾಸ್ತ್ರ ಎಲ್ಲೆಡೆ ಅದರ ಹೆಸರು. ಬೇರೆಯವರಾಗಿದ್ದರೆ ಹಿಗ್ಗುತ್ತಿದ್ದರೋ ಏನೋ. ಶ್ಯಾನನ್ ಅದೇ ವರ್ಷ ಒಂದು ಚಿಕ್ಕ ಟಿಪ್ಪಣಿ ಬರೆದು, ಇದು ಎಂಜಿನಿಯರಿಂಗಿನ ಒಂದು ಗಣಿತ, ಎಲ್ಲ ಬೀಗಕ್ಕೂ ಇದೇ ಕೀಲಿ ಎಂದು ನಂಬಬೇಡಿ, ಪ್ರಯೋಗದಿಂದ ಪರೀಕ್ಷಿಸಿ ಎಂದು ಎಚ್ಚರಿಸಿದರು. ತಮ್ಮದೇ ಸಿದ್ಧಾಂತದ ಅತಿಪ್ರಚಾರಕ್ಕೆ ತಾವೇ ಕಡಿವಾಣ ಹಾಕುವವರು ವಿರಳ.

ವಿಂಚೆಸ್ಟರ್‌ನ ಕೆರೆ ಪಕ್ಕದ ಅವರ ಮನೆ ಆಟಿಕೆಗಳ ಗೋದಾಮಾಯಿತು. ರೋಮನ್ ಅಂಕಿಗಳಲ್ಲೇ ಲೆಕ್ಕ ಮಾಡುವ ಕ್ಯಾಲ್ಕ್ಯುಲೇಟರ್, ಬೆಂಕಿಯುಗುಳುವ ತುತ್ತೂರಿ, ನೀರಿನ ಮೇಲೆ ನಡೆಯಲು ಥರ್ಮಾಕೋಲಿನಂಥ ವಸ್ತುವಿನ ದೊಡ್ಡ ಪಾದರಕ್ಷೆ. ಯುವ ಗಣಿತಜ್ಞ ಎಡ್ವರ್ಡ್ ಥಾರ್ಪ್ ಜೊತೆ ಸೇರಿ, ರೂಲೆಟ್ ಜೂಜಿನ ಚೆಂಡು ಎಲ್ಲಿ ಬೀಳಬಹುದೆಂದು ಊಹಿಸುವ, ಸಿಗರೇಟು ಪ್ಯಾಕಿನಷ್ಟೇ ದೊಡ್ಡ ಕಂಪ್ಯೂಟರನ್ನೂ ಕಟ್ಟಿದರು. ಶೂ ಒಳಗಿನ ಸ್ವಿಚ್ಚನ್ನು ಕಾಲ್ಬೆರಳಿನಿಂದ ಒತ್ತಬೇಕು, ಉತ್ತರ ಕಿವಿಯೊಳಗೆ ಸ್ವರವಾಗಿ ಕೇಳುತ್ತದೆ. 1961ರಲ್ಲಿ ಲಾಸ್ ವೇಗಸ್‌ಗೆ ಒಯ್ದು ಪರೀಕ್ಷಿಸಿದಾಗ ಲೆಕ್ಕ ಸರಿಯಾಗಿತ್ತು, ಆದರೆ ಕಿವಿಗೆ ಹೋಗುವ ಕೂದಲೆಳೆಯಂಥ ತಂತಿ ಪದೇ ಪದೇ ಕಡಿಯುತ್ತಿತ್ತು! ಮೈಮೇಲೆ ಧರಿಸುವ ಕಂಪ್ಯೂಟರುಗಳಲ್ಲಿ ಇದೇ ಮೊದಲನೆಯದೆಂದು ಹೇಳುತ್ತಾರೆ.

ಚೆಂಡುಗಳನ್ನು ಸಾಲಾಗಿ ಗಾಳಿಗೆಸೆದು ಹಿಡಿಯುವ ಜಗ್ಲಿಂಗ್ ಅವರಿಗೆ ಪ್ರಾಣ. ಅದಕ್ಕೂ ಒಂದು ಪ್ರಮೇಯ ಬರೆದರು. ಒಂದು ಚೆಂಡು ಗಾಳಿಯಲ್ಲಿ ಮತ್ತು ಕೈಯಲ್ಲಿ ಕಳೆಯುವ ಒಟ್ಟು ಕಾಲವನ್ನು ಕೈಗಳ ಸಂಖ್ಯೆಯಿಂದ ಗುಣಿಸಿ. ಒಂದು ಕೈ ಖಾಲಿಯಾಗಿ ಮತ್ತು ಚೆಂಡು ಹಿಡಿದು ಕಳೆಯುವ ಒಟ್ಟು ಕಾಲವನ್ನು ಚೆಂಡುಗಳ ಸಂಖ್ಯೆಯಿಂದ ಗುಣಿಸಿ. ಎರಡೂ ಸಮ. ಚೆಂಡು ಹೆಚ್ಚಾದಂತೆ ಕೈಯ ವೇಗ ಅಷ್ಟೇ ಇದ್ದರೆ ಇನ್ನೂ ಎತ್ತರಕ್ಕೆ ಎಸೆಯಲೇಬೇಕು ಎಂಬುದು ಇದರಿಂದ ತಿಳಿಯುತ್ತದೆ.

ಇವುಗಳಲ್ಲಿ ಎಲ್ಲಕ್ಕೂ ಮುಂದೆ ಏನೋ ಉಪಯೋಗ ಸಿಕ್ಕಿತು ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ರೋಮನ್ ಅಂಕಿಗಳ ಯಂತ್ರದಿಂದ ಯಾರಿಗೂ ಏನೂ ಲಾಭವಾಗಲಿಲ್ಲ. 1960ರ ದಶಕ ಮುಗಿಯುವ ಹೊತ್ತಿಗೆ ಅವರು ಪ್ರಬಂಧ ಪ್ರಕಟಿಸುವುದನ್ನೇ ಹೆಚ್ಚುಕಡಿಮೆ ನಿಲ್ಲಿಸಿದ್ದರು. ಉತ್ತರಿಸದ ಪತ್ರಗಳು ರಾಶಿ ಬಿದ್ದಿದ್ದವು. ಇಂಥ ಪ್ರತಿಭೆ ಆಟದಲ್ಲಿ ವ್ಯರ್ಥವಾಯಿತಲ್ಲ ಎಂದು ಮರುಗುವುದು ಸುಲಭ. ಆದರೆ ಬೂಲ್ ತರ್ಕವನ್ನು ರಿಲೇಗೆ ಹೊಂದಿಸಿದ ಬುದ್ಧಿಯೂ ಕೈ-ಚೆಂಡುಗಳ ಲೆಕ್ಕ ಬರೆದ ಬುದ್ಧಿಯೂ ಒಂದೇ. ಕುತೂಹಲ ಎಲ್ಲಿ ಕರೆದರೆ ಅಲ್ಲಿಗೆ ಹೋದರು. ಅದು ಒಮ್ಮೆ 1948ರ ಪ್ರಬಂಧಕ್ಕೂ ಇನ್ನೊಮ್ಮೆ ತುತ್ತೂರಿಗೂ ಕರೆದೊಯ್ದಿತು. ಮೊದಲನೆಯದು ಮಾತ್ರ ಇರಲಿ, ಎರಡನೆಯದು ಬೇಡ ಎಂದರೆ ಬಹುಶಃ ಮೊದಲನೆಯದೂ ಸಿಗುತ್ತಿರಲಿಲ್ಲ.

ಕೊನೆಯ ವರ್ಷಗಳು

1985ರಲ್ಲಿ ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಮಾಹಿತಿ ಸಿದ್ಧಾಂತದ ಸಮ್ಮೇಳನ ನಡೆಯಿತು. ಯಾರಿಗೂ ತಿಳಿಸದೆ ನೆರೆಗೂದಲಿನ ಒಬ್ಬರು ಸಭೆಯಲ್ಲಿ ಓಡಾಡುತ್ತಿದ್ದರು. ಅದು ಶ್ಯಾನನ್ ಎಂದು ಗೊತ್ತಾದಾಗ ಹಸ್ತಾಕ್ಷರಕ್ಕೆ ಸಾಲು ನಿಂತಿತು. ಔತಣಕೂಟದಲ್ಲಿ ಮಾತಾಡಲು ಕರೆದರೆ ಎರಡು ಮಾತಾಡಿ, ಜನರಿಗೆ ಬೇಸರವಾಗುತ್ತಿರಬಹುದೆಂದು ಅನುಮಾನಿಸಿ, ಜೇಬಿನಿಂದ ಮೂರು ಚೆಂಡು ತೆಗೆದು ಜಗ್ಲಿಂಗ್ ಮಾಡಿ ತೋರಿಸಿದರು. ಅದೇ ವರ್ಷ ಅವರಿಗೆ ಜಪಾನಿನ ಕ್ಯೋಟೊ ಪ್ರಶಸ್ತಿಯೂ ಬಂತು.

ಆಗಲೇ ಮರೆವು ಶುರುವಾಗಿತ್ತು. ವಯಸ್ಸಿನ ಮರೆವಲ್ಲ, ಆಲ್‌ಝೈಮರ್ ಕಾಯಿಲೆ. ಸದಾ ಬುದ್ಧಿಗೆ ಕೆಲಸ ಕೊಡುತ್ತಿದ್ದರೆ ಈ ಕಾಯಿಲೆ ಬಾರದು ಎಂದು ನಂಬುವವರಿದ್ದಾರೆ. ಮಿದುಳಿಗೆ ಚಟುವಟಿಕೆ ಒಳ್ಳೆಯದೇ, ಆದರೆ ಅದು ಕಾಯಿಲೆ ಬಾರದೆಂಬ ಖಾತರಿಯಲ್ಲ. ಶ್ಯಾನನ್‌ಗಿಂತ ಹೆಚ್ಚು ಮಿದುಳಿನ ಆಟ ಆಡಿದವರು ಎಷ್ಟು ಮಂದಿ ಇದ್ದಾರು? ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಬಂದರೆ ಅವರು ಮನಸ್ಸನ್ನು ಚುರುಕಾಗಿ ಇಟ್ಟುಕೊಳ್ಳಲಿಲ್ಲ ಎಂದು ದೂರುವುದು ತಪ್ಪು.

1993ರಲ್ಲಿ ಅವರನ್ನು ಆರೈಕೆ ಕೇಂದ್ರಕ್ಕೆ ಸೇರಿಸಬೇಕಾಯಿತು. ಹೊರಗೆ ಇಂಟರ್ನೆಟ್ ಮನೆ ಮನೆಗೆ ಬರುತ್ತಿತ್ತು, ಮೊಬೈಲುಗಳು ಕೈಗೆ ಬರುತ್ತಿದ್ದವು. ಅದೆಲ್ಲದರ ಬುನಾದಿ ಹಾಕಿದವರಿಗೆ ಅದನ್ನು ಗುರುತಿಸುವ ಶಕ್ತಿ ಉಳಿದಿರಲಿಲ್ಲ. 2001ರ ಫೆಬ್ರವರಿ 24ರಂದು, 84ನೇ ವಯಸ್ಸಿನಲ್ಲಿ ಶ್ಯಾನನ್ ತೀರಿಕೊಂಡರು.

ಥೀಸಿಯಸ್ ಇಲಿ ಈಗ ಎಂಐಟಿಯ ಮ್ಯೂಸಿಯಂನಲ್ಲಿದೆ. ಅದನ್ನು ಕಟ್ಟಿದ ಕೈಗಳು ಒಂದು ಕಾಲದಲ್ಲಿ ಬೇಲಿಯ ತಂತಿಗೆ ಟೆಲಿಗ್ರಾಫ್ ಕಟ್ಟಿದ್ದವು. ನಿಮ್ಮ ಮನೆಯಲ್ಲೂ ಯಾರಾದರೂ ಏನನ್ನೋ ಬಿಚ್ಚಿ ಹರಡಿಕೊಂಡು ಕೂತಿದ್ದರೆ, ಏನುಪಯೋಗ ಎಂದು ಕೇಳುವ ಮೊದಲು ಅದು ಹೇಗೆ ಕೆಲಸ ಮಾಡುತ್ತದೆ ಎಂದು ಕೇಳಿ ನೋಡಿ. ಉತ್ತರ ಕೇಳುವುದಕ್ಕೇ ಮಜವಾಗಿರುತ್ತದೆ.